ಸಣ್ಣ ಆನ್‌ಲೈನ್ ಅಂಗಡಿಗೆ ಷರತ್ತುಗಳ ಪುಟ ಬರೆಯುವುದು ಹೇಗೆ

ಮಂಡ್ಯದ ಬೆಲ್ಲ, ಮೈಸೂರಿನ ಅಗರಬತ್ತಿ, ಸೀರೆ, ಬೀಟೆಮರದ ಸಾಮಾನು ಇವನ್ನೆಲ್ಲ ಸ್ವಂತ ವೆಬ್‌ಸೈಟ್ ಮಾಡಿ ಮಾರುವವರು ಫೋಟೋ, ಬೆಲೆ, ಪ್ಯಾಕಿಂಗ್ ಎಲ್ಲಕ್ಕೂ ತಲೆ ಕೆಡಿಸಿಕೊಳ್ಳುತ್ತಾರೆ. ‘ನಿಯಮ ಮತ್ತು ಷರತ್ತುಗಳು’ ಪುಟವನ್ನು ಮಾತ್ರ, ಪೇಮೆಂಟ್ ಗೇಟ್‌ವೇ ಕಂಪನಿ ಕೇಳಿದ ದಿನ ಯಾವುದೋ ದೊಡ್ಡ ಅಂಗಡಿಯಿಂದ ಎತ್ತಿ ಅಂಟಿಸಿಬಿಡುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಆ ಪುಟದಲ್ಲಿ ‘30 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡಬಹುದು’ ಎಂದಿದ್ದರೆ ಅದೀಗ ನೀವು ಕೊಟ್ಟ ಮಾತು. ಬೇರೆಯವರ ಪುಟ ನೋಡಿ ಬರೆದೆ ಎಂದರೆ ಗ್ರಾಹಕರೂ ಒಪ್ಪುವುದಿಲ್ಲ, ದೂರು ಕೇಳುವ ಗ್ರಾಹಕರ ಆಯೋಗವೂ ಒಪ್ಪುವುದಿಲ್ಲ.

ಆದ್ದರಿಂದ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಅಂಗಡಿ ನಿಜವಾಗಿ ನಡೆಯುವ ಬಗೆಯನ್ನು ಬರೆದುಕೊಳ್ಳಿ. ಆರ್ಡರ್ ಬಂದ ಎಷ್ಟು ದಿನಕ್ಕೆ ಪಾರ್ಸಲ್ ಕೊರಿಯರ್‌ನವರ ಕೈ ಸೇರುತ್ತದೆ? ಯಾವ ಪಿನ್‌ಕೋಡ್‌ಗಳಿಗೆ ಕಳಿಸುವುದಿಲ್ಲ? ಒಡೆದ ಸಾಮಾನಿಗೆ ಇದುವರೆಗೆ ಏನು ಮಾಡಿದ್ದೀರಿ? ಹಣ ವಾಪಸ್ ಕೊಡಲು ಎಷ್ಟು ದಿನ ಹಿಡಿದಿದೆ? ಷರತ್ತುಗಳು ಈ ಹಾಳೆಯಿಂದಲೇ ಹುಟ್ಟಬೇಕು.

ಪುಟದ ಮೇಲ್ಭಾಗದಲ್ಲಿ ವ್ಯಾಪಾರದ ಕಾನೂನುಬದ್ಧ ಹೆಸರು, ಪೂರ್ತಿ ವಿಳಾಸ, ಫೋನ್, ಇಮೇಲ್ ಇರಲಿ. ಮನೆಯಿಂದಲೇ ವ್ಯಾಪಾರ ಮಾಡುವವರಿಗೆ ವಿಳಾಸ ಹಾಕಲು ಹಿಂಜರಿಕೆ ಇರುತ್ತದೆ, ಅದು ಸಹಜ. ಆದರೆ 2020ರ ಗ್ರಾಹಕ ಸಂರಕ್ಷಣೆ ಇ-ಕಾಮರ್ಸ್ ನಿಯಮಗಳು ಇದನ್ನು ಕೇಳುತ್ತವೆ. ಕುಂದುಕೊರತೆ ಅಧಿಕಾರಿಯ ಹೆಸರು, ಹುದ್ದೆ, ಸಂಪರ್ಕವನ್ನೂ ಹಾಕಬೇಕು. ಒಬ್ಬರೇ ನಡೆಸುವ ಅಂಗಡಿಯಲ್ಲಿ ಆ ಅಧಿಕಾರಿ ನೀವೇ. ದೂರು ಬಂದ 48 ಗಂಟೆಯೊಳಗೆ ‘ತಲುಪಿದೆ’ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ‘2 ಕೆಲಸದ ದಿನದಲ್ಲಿ ಉತ್ತರಿಸುತ್ತೇವೆ’ ಎಂದು ಬರೆದರೆ ಶನಿವಾರ ಬಂದ ದೂರಿಗೆ ನಿಯಮ ತಪ್ಪುತ್ತದೆ. ತಿನ್ನುವ ಪದಾರ್ಥ ಮಾರುತ್ತಿದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ಇಲ್ಲೇ ಇರಲಿ.

ಮುಂದಿನದು, ವ್ಯಾಪಾರ ಯಾವಾಗ ಕುದುರಿತು ಎಂಬುದು. ₹4,500ರ ಸೀರೆಗೆ ಒಂದು ಸೊನ್ನೆ ಬಿಟ್ಟು ₹450 ಎಂದು ಟೈಪ್ ಆದರೆ ರಾತ್ರೋರಾತ್ರಿ ಹತ್ತು ಆರ್ಡರ್ ಬಂದಿರುತ್ತವೆ. ‘ಆರ್ಡರ್ ತಲುಪಿದೆ ಎಂಬ ಸಂದೇಶ ಒಪ್ಪಿಗೆಯಲ್ಲ, ಪಾರ್ಸಲ್ ಕಳಿಸಿದ ಸಂದೇಶ ಬಂದಾಗ ನಾವು ಒಪ್ಪಿದಂತೆ’ ಎಂದು ಬರೆಯಿರಿ. ಇಷ್ಟು ಬರೆದೂ ಹಲವರು ಒಂದು ಕಡೆ ಸಿಕ್ಕಿಬೀಳುತ್ತಾರೆ: ವೆಬ್‌ಸೈಟ್ ತಾನಾಗಿ ಕಳಿಸುವ ಇಮೇಲ್‌ನಲ್ಲಿ ‘ನಿಮ್ಮ ಆರ್ಡರ್ ಖಚಿತವಾಗಿದೆ’ ಎಂದೇ ಇರುತ್ತದೆ. ಷರತ್ತು ಒಂದು ಹೇಳಿ ಇಮೇಲ್ ಇನ್ನೊಂದು ಹೇಳಿದರೆ ಗ್ರಾಹಕರು ಇಮೇಲನ್ನೇ ತೋರಿಸುತ್ತಾರೆ. ಆ ಇಮೇಲ್‌ನ ಒಕ್ಕಣೆಯನ್ನೂ ಅದೇ ದಿನ ತಿದ್ದಿ. ಇನ್ನೊಂದು ಮಾತು: ಗ್ರಾಹಕರು ರದ್ದು ಮಾಡಿದರೆ ಶುಲ್ಕ ಹಿಡಿಯುವಂತಿಲ್ಲ, ನೀವಾಗಿ ರದ್ದು ಮಾಡಿದಾಗ ಅಂಥದ್ದೇ ಶುಲ್ಕವನ್ನು ನೀವೂ ತೆರುತ್ತೀರಿ ಎಂದಿದ್ದರೆ ಮಾತ್ರ ಹಿಡಿಯಬಹುದು.

ತಲುಪಿಸುವ ವಿಷಯದಲ್ಲಿ ಪಾರ್ಸಲ್ ಹೊರಡುವ ದಿನ ಬೇರೆ, ಕೈಸೇರುವ ದಿನ ಬೇರೆ ಎಂದು ಎರಡನ್ನೂ ಬಿಡಿಸಿ ಬರೆಯಿರಿ. ದಸರಾ ಸಮಯದಲ್ಲಿ ಮೈಸೂರಿನಿಂದ ಪಾರ್ಸಲ್ ಹೊರಡುವುದು ತಡವಾಗುವುದಿದ್ದರೆ ಆ ದಿನಗಳಿಗೆ ಹೆಚ್ಚುವರಿ ಅವಧಿ ಹೇಳಿಬಿಡಿ. ಹೇಳಿದ ದಿನ ಮೀರಿ ಬಂದ ಸಾಮಾನನ್ನು ವಾಪಸ್ ತೆಗೆದುಕೊಳ್ಳಲು ಒಲ್ಲೆ ಎನ್ನುವಂತಿಲ್ಲ. ಪ್ರವಾಹದಂಥ ಕೈಮೀರಿದ ಕಾರಣಕ್ಕೆ ಮಾತ್ರ ವಿನಾಯಿತಿ.

ಇಡೀ ಪುಟದ ಜೀವ ಇರುವುದು ವಾಪಸಾತಿ ಮತ್ತು ಹಣ ಮರಳಿಸುವ ಭಾಗದಲ್ಲಿ. ‘ಮಾರಿದ ವಸ್ತುವನ್ನು ಯಾವುದೇ ಕಾರಣಕ್ಕೂ ವಾಪಸ್ ಪಡೆಯುವುದಿಲ್ಲ’ ಎಂಬ ಸಾಲನ್ನು ಅಂಗಡಿ ಬಿಲ್‌ಗಳಿಂದ ಎತ್ತಿ ಇಲ್ಲಿ ಹಾಕಬೇಡಿ. ದೋಷವಿರುವ, ನಕಲಿಯಾದ ಅಥವಾ ಪುಟದಲ್ಲಿ ತೋರಿಸಿದಂತೆ ಇಲ್ಲದ ಸಾಮಾನಿಗೆ ಆ ಸಾಲು ನಿಲ್ಲುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಸಾಮಾನನ್ನು ಬಿಲ್‌ನಲ್ಲಿ ನಮೂದಿಸಿದ ಅವಧಿಯೊಳಗೆ, ಬಿಲ್‌ನಲ್ಲಿ ಏನೂ ಇಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಹಾಗಾಗಿ ಅವಧಿಯನ್ನು ವೆಬ್‌ಸೈಟಿನಲ್ಲಿ ಮಾತ್ರವಲ್ಲ, ಪಾರ್ಸಲ್ ಜೊತೆ ಹೋಗುವ ಬಿಲ್‌ನಲ್ಲೂ ಮುದ್ರಿಸಿ.

ಬೆಲ್ಲ ಮಾರುವ ಅಂಗಡಿಗೆ ಈ ಷರತ್ತು ಹೀಗಿರಬಹುದು:

‘ಪಾರ್ಸಲ್ ಒಡೆದಿದ್ದರೆ, ಬೆಲ್ಲ ನೀರು ಬಿಟ್ಟಿದ್ದರೆ ಅಥವಾ ಬೇರೆ ಸಾಮಾನು ಬಂದಿದ್ದರೆ, ಕೈಸೇರಿದ 7 ದಿನದೊಳಗೆ ಆರ್ಡರ್ ಸಂಖ್ಯೆ, ಪೆಟ್ಟಿಗೆಯ ಮೇಲಿನ ಚೀಟಿಯ ಫೋಟೋ, ಬೆಲ್ಲದ ಫೋಟೋ ಕಳಿಸಿ. ದೂರು ಬಂದ 48 ಗಂಟೆಯೊಳಗೆ ಉತ್ತರಿಸುತ್ತೇವೆ. ಬದಲಿ ಬೆಲ್ಲ ಬೇಕೋ ಪೂರ್ತಿ ಹಣ ಬೇಕೋ ನೀವೇ ಹೇಳಿ. ವಾಪಸ್ ತರಿಸುವ ಖರ್ಚು ನಮ್ಮದು. ಹಣವನ್ನು, ದೂರು ಒಪ್ಪಿದ ದಿನದಿಂದ 7 ದಿನದೊಳಗೆ, ನೀವು ಪಾವತಿಸಿದ ಖಾತೆಗೇ ಹಾಕುತ್ತೇವೆ. ಕ್ಯಾಶ್ ಆನ್ ಡೆಲಿವರಿ ಆಗಿದ್ದರೆ ನೀವು ತಿಳಿಸುವ ಯುಪಿಐ ಐಡಿಗೆ.’

ಪ್ರತಿ ಗಡುವಿಗೂ ಎಣಿಕೆ ಯಾವ ದಿನದಿಂದ ಎಂದು ಹೇಳಿರುವುದನ್ನು ಗಮನಿಸಿ. ಜಗಳ ಹುಟ್ಟುವುದು ದಿನಗಳ ಸಂಖ್ಯೆಗಿಂತ ಹೆಚ್ಚಾಗಿ ಈ ಎಣಿಕೆಯ ಮೇಲೆ. ‘ಪೆಟ್ಟಿಗೆ ಬಿಚ್ಚುವ ವಿಡಿಯೋ ಇಲ್ಲದಿದ್ದರೆ ದೂರೇ ಇಲ್ಲ’ ಎಂಬ ಷರತ್ತು ಈಗ ಎಲ್ಲೆಡೆ ಕಾಣುತ್ತದೆ. ವಿಡಿಯೋ ಕೇಳುವುದು ತಪ್ಪಲ್ಲ, ಅದೊಂದೇ ಸಾಕ್ಷಿ ಎಂದು ಹಟ ಹಿಡಿಯುವುದು ಸರಿಯಲ್ಲ. ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ ಪಾರ್ಸಲ್ ಬಿಚ್ಚುತ್ತಾ ವಿಡಿಯೋ ಮಾಡಬಲ್ಲರೇ?

ವಾಪಸಾತಿಯ ಬಹುಪಾಲು ತಕರಾರಿನ ಬೇರು ಸಾಮಾನಿನ ವಿವರಣೆಯಲ್ಲಿದೆ. ಹೈಡ್ರೋಸ್ (ಬೆಲ್ಲದ ಬಣ್ಣ ತಿಳಿಯಾಗಿಸುವ ರಾಸಾಯನಿಕ) ಹಾಕದ ಬೆಲ್ಲ ಕಂದು ಬಣ್ಣಕ್ಕಿರುತ್ತದೆ, ಇಟ್ಟಷ್ಟೂ ಕಪ್ಪಾಗುತ್ತದೆ. ಫೋಟೋದಲ್ಲಿ ಹೊಂಬಣ್ಣದ ಅಚ್ಚು ತೋರಿಸಿ ಕಂದು ಬೆಲ್ಲ ಕಳಿಸಿದರೆ ಷರತ್ತಿನಲ್ಲಿ ಏನೇ ಬರೆದರೂ ಉಪಯೋಗವಿಲ್ಲ. ಸೀರೆಯಲ್ಲೂ ಹಾಗೇ: ‘ಮೊಬೈಲ್ ಪರದೆಯಲ್ಲಿ ಬಣ್ಣ ಸ್ವಲ್ಪ ಬೇರೆ ಕಾಣಬಹುದು’ ಎಂಬ ಸಾಲು ಕಡುನೀಲಿಗೂ ನೀಲಿಗೂ ಇರುವ ಅಂತರವನ್ನು ಕಾಯಬಹುದು, ಹಸಿರು ಸೀರೆ ಕಳಿಸಿದ್ದನ್ನು ಕಾಯುವುದಿಲ್ಲ. ‘ಮೈಸೂರು ಸಿಲ್ಕ್’ ಎಂಬ ಹೆಸರಿಗೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮವಾದ ಕೆಎಸ್‌ಐಸಿ ಹೆಸರಿನಲ್ಲಿ ಭೌಗೋಳಿಕ ಸೂಚ್ಯಂಕ (ಊರಿನ ಹೆಸರಿನ ವಸ್ತುವಿಗೆ ಸಿಗುವ ಕಾನೂನು ರಕ್ಷಣೆ) ಇದೆ. ಬೇರೆ ಕ್ರೇಪ್ ಸೀರೆಗೆ ಆ ಹೆಸರು ಇಡಬೇಡಿ.

‘ಎಲ್ಲ ವ್ಯಾಜ್ಯಗಳೂ ಮೈಸೂರಿನ ನ್ಯಾಯಾಲಯಗಳ ವ್ಯಾಪ್ತಿಗೆ ಮಾತ್ರ’ ಎಂಬ ಸಾಲಿನ ಮೇಲೆ ಭಾರ ಹಾಕಿ ಕೂರಬೇಡಿ. ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಬೆಳಗಾವಿಯ ಗ್ರಾಹಕರು ಮೈಸೂರಿಗೆ ಬರಬೇಕಿಲ್ಲ.

ಬರೆದಾಯಿತು ಎಂದ ಮೇಲೆ ಗಟ್ಟಿಯಾಗಿ ಓದಿ. ವ್ಯಾಪಾರದ ಸಂಬಂಧವಿಲ್ಲದ ಒಬ್ಬರಿಗೆ ಕೊಟ್ಟು ‘ಬೆಲ್ಲ ಒದ್ದೆಯಾಗಿ ಬಂದರೆ ಏನು ಮಾಡುತ್ತೀರಿ?’ ಎಂದು ಕೇಳಿ. ಪುಟ ನೋಡಿ ಒಂದು ನಿಮಿಷದಲ್ಲಿ ಉತ್ತರ ಹೇಳಲಾಗದಿದ್ದರೆ ಆ ಭಾಗವನ್ನು ಮತ್ತೆ ಬರೆಯಿರಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಹಾಕುವುದಾದರೆ ಅಂಕಿಗಳು ಒಂದೇ ಇವೆಯೇ ಎಂದು ಸಾಲು ಸಾಲಾಗಿ ತಾಳೆ ನೋಡಿ. ನಂತರ ಒಬ್ಬ ವಕೀಲರ ಕಣ್ಣಿಗೆ ಹಾಕಿ.

ಪುಟದ ಕೊಂಡಿ ವೆಬ್‌ಸೈಟಿನ ಅಡಿಯಲ್ಲಿದ್ದರೆ ಸಾಲದು, ಹಣ ಕಟ್ಟುವ ಗುಂಡಿಯ ಪಕ್ಕದಲ್ಲೂ ಇರಬೇಕು. ‘ಓದಿ ಒಪ್ಪಿದ್ದೇನೆ’ ಚೌಕದಲ್ಲಿ ಮೊದಲೇ ಟಿಕ್ ಹಾಕಿಡುವಂತಿಲ್ಲ, ಗ್ರಾಹಕರೇ ಒತ್ತಬೇಕು. ಪುಟದ ತಲೆಯಲ್ಲಿ ಜಾರಿಯಾದ ದಿನಾಂಕ ಹಾಕಿ, ಬದಲಿಸಿದಾಗಲೆಲ್ಲ ಹಳೆಯ ಪ್ರತಿಯನ್ನು ಪಿಡಿಎಫ್ ಮಾಡಿ ದಿನಾಂಕದ ಹೆಸರಿನಲ್ಲೇ ಉಳಿಸಿ. ಮಾರ್ಚ್‌ನಲ್ಲಿ ಬಂದ ಆರ್ಡರ್‌ಗೆ ಅನ್ವಯಿಸುವುದು ಮಾರ್ಚ್‌ನಲ್ಲಿದ್ದ ಪುಟ; ಜೂನ್‌ನಲ್ಲಿ ತಕರಾರು ಬಂದಾಗ ಅದನ್ನು ತೆಗೆದು ತೋರಿಸಲು ಆಗಬೇಕು.