ಕುಸ್ತಿಯಲ್ಲಿ ಕಿವಿ ಊದಿದರೆ ಮೊದಲ ಎರಡು ದಿನ ಏನು ಮಾಡಬೇಕು?

ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಅಂದರೆ ಕುಸ್ತಿ ಇರಲೇಬೇಕು. ಮಲೆನಾಡಲ್ಲಿ ಮಳೆ ನಿಂತರೆ ಊರೂರಲ್ಲಿ ಹೊನಲು ಬೆಳಕಿನ ಕಬಡ್ಡಿ. ಮಂಡಿ, ಭುಜ ಉಳುಕಿದರೆ ಎಲ್ಲರೂ ಓಡಿ ಬರುತ್ತಾರೆ. ಕಿವಿ ಊದಿದರೆ ಮಾತ್ರ ‘ಪೈಲ್ವಾನರಿಗೆ ಇದೆಲ್ಲ ಮಾಮೂಲಿ’ ಅಂತ ಬಿಟ್ಟುಬಿಡುತ್ತಾರೆ. ಬಿಡಬೇಡಿ.

ಆಟ ಮುಗಿದ ಕೂಡಲೇ ಕಿವಿಯ ಮೇಲ್ಭಾಗವನ್ನು ಎರಡು ಬೆರಳಲ್ಲಿ ಹಗುರವಾಗಿ ಹಿಡಿದು ನೋಡಿ. ಮಡಿಕೆಗಳು ಮುಚ್ಚಿಹೋಗಿವೆಯಾ? ಒತ್ತಿದರೆ ಮೆತ್ತಗಿದೆಯಾ? ಹಾಗಿದ್ದರೆ ಒಳಗೆ ರಕ್ತ ನಿಂತಿರುವ ಸಾಧ್ಯತೆ ಜಾಸ್ತಿ. ಕಿವಿಯ ಮೆದು ಎಲುಬಿಗೆ ಸ್ವಂತ ರಕ್ತನಾಳಗಳಿಲ್ಲ. ಮೇಲಿನ ತೆಳು ಪೊರೆಯೇ ಅದನ್ನು ಸಾಕುತ್ತದೆ. ತಲೆಗೆ ತಲೆ ಉಜ್ಜಿದಾಗ, ಪಟ್ಟಿನಿಂದ ಕತ್ತು ಬಿಡಿಸಿಕೊಂಡಾಗ ಆ ಪೊರೆ ಕಿತ್ತು ನಡುವೆ ರಕ್ತ ತುಂಬುತ್ತದೆ. ಹಾಗೇ ಬಿಟ್ಟರೆ ಮೆದು ಎಲುಬು ಸಾಯುತ್ತದೆ, ಆ ಜಾಗದಲ್ಲಿ ಗಂಟುಗಂಟಾಗಿ ಹೊಸದು ಬೆಳೆಯುತ್ತದೆ. ಹೂಕೋಸು ಕಿವಿ ಆಗುವುದು ಹೀಗೆ.

ಮೊದಲು ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15 ನಿಮಿಷ ಇಡಿ. ನೋವಿಗೆ ಪ್ಯಾರಸಿಟಮಾಲ್ ಸಾಕು; ಆಸ್ಪಿರಿನ್ ಬೇಡ, ರಕ್ತ ಇನ್ನೂ ಸೋರುತ್ತದೆ. ಉಜ್ಜಬೇಡಿ, ಬಿಸಿ ಎಣ್ಣೆ ಬಿಡಬೇಡಿ. ಗರಡಿಯಲ್ಲಿ ಯಾರೋ ಸೂಜಿ ಚುಚ್ಚಿ ತೆಗೀತೀನಿ ಅಂದರೆ ದಯವಿಟ್ಟು ಒಪ್ಪಬೇಡಿ. ಕೀವಾದರೆ ಇಡೀ ಕಿವಿಯ ಆಕಾರವೇ ಹೋಗುತ್ತದೆ.

ಆಮೇಲೆ ಡಾಕ್ಟರು. 48 ಗಂಟೆಯೊಳಗೆ ಹೋದರೆ ಒಳ್ಳೆಯದು. ತೀರ್ಥಹಳ್ಳಿ, ಹೊಸನಗರದ ಕಡೆಯವರು ‘ಸೋಮವಾರ ಪೇಟೆಗೆ ಹೋದಾಗ ನೋಡೋಣ’ ಅನ್ನದೆ ಮರುದಿನವೇ ಬಸ್ಸು ಹತ್ತಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗ ಕೇಳಿ. ಮರಗಟ್ಟಿಸಿ, ಸಣ್ಣ ಗಾಯ ಮಾಡಿ ರಕ್ತ ತೆಗೆಯುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ. ಪೊರೆ ಮತ್ತೆ ಅಂಟಬೇಕಲ್ವಾ? ಅದಕ್ಕೇ ಕಿವಿಯ ಎರಡೂ ಕಡೆ ಹತ್ತಿಯ ಉರುಳೆ ಇಟ್ಟು ಹೊಲಿಯುತ್ತಾರೆ, ಇಲ್ಲವೇ ಬಿಗಿಯಾಗಿ ಪಟ್ಟಿ ಕಟ್ಟುತ್ತಾರೆ. ಸುಮಾರು ಒಂದು ವಾರ ಅದು ಇರಬೇಕು. ಫೈನಲ್ ಇದೆ ಅಂತ ಬಿಚ್ಚಿ ಆಡಿದರೆ ರಕ್ತ ಮತ್ತೆ ತುಂಬುತ್ತದೆ.

ಕಿವಿಯಿಂದ ರಕ್ತ ಅಥವಾ ನೀರು ಸೋರಿದರೆ, ತಲೆ ತಿರುಗಿದರೆ, ಕಿವಿ ಮಂದವಾದರೆ, ಕಿವಿ ಹಿಂದೆ ನೀಲಿಗಟ್ಟಿದರೆ ಒಂದು ಗಂಟೆಯೂ ಕಾಯಬೇಡಿ. ಅದು ತಲೆಯೊಳಗಿನ ಪೆಟ್ಟಿರಬಹುದು.

ಮತ್ತೆ ಅಖಾಡಕ್ಕೆ ಇಳಿಯುವುದು ಡಾಕ್ಟರು ಹೇಳಿದ ಮೇಲೆ. ಅಭ್ಯಾಸಕ್ಕೂ ಕಿವಿ ಮುಚ್ಚುವ ಹೆಡ್‌ಗೇರ್ ಹಾಕಿ. ಗಲ್ಲದ ಪಟ್ಟಿ ಸಡಿಲ ಇದ್ದರೆ ಅದೇ ಕಿವಿಯನ್ನು ಉಜ್ಜುತ್ತದೆ, ಬಿಗಿ ನೋಡಿಕೊಳ್ಳಿ.