ಕೆಂಪು ತಂತಿ ಪ್ಲಸ್ ಅಲ್ಲ!

ಎಂಜಿನ್ ಬಿಸಿಯಾದಂತೆ ಮಾನಿಟರ್‌ನಲ್ಲಿ ಮೂರನೇ ಸಿಲಿಂಡರಿನ ತಾಪ ಮಾತ್ರ ಇಳಿಯುತ್ತಾ ಹೋಯಿತು. ಸೆನ್ಸರ್ ಬದಲಿಸಿ ನೋಡಿದೆ. ಊಹೂಂ, ಅದೇ ಕತೆ.

ತಪ್ಪು ನನ್ನದೇ. ಕೆಂಪು ಅಂದರೆ ಪ್ಲಸ್ ಅಂತ ಕೈಗೆ ಅಭ್ಯಾಸವಾಗಿಬಿಟ್ಟಿದೆ, ಅಲ್ವಾ? ಈ ಸೆನ್ಸರ್ ಥರ್ಮೋಕಪಲ್, ಅಂದರೆ ಎರಡು ಬೇರೆ ಲೋಹದ ತಂತಿಗಳನ್ನು ತುದಿಯಲ್ಲಿ ಸೇರಿಸಿ ತಾಪ ಅಳೆಯುವಂಥದ್ದು. ಅಮೆರಿಕನ್ ಬಣ್ಣದ ಪದ್ಧತಿಯ ಥರ್ಮೋಕಪಲ್‌ನಲ್ಲಿ ಕೆಂಪೇ ಮೈನಸ್. ಲೋಹದ ಜೋಡಿಗೆ ತಕ್ಕಂತೆ ಟೈಪ್ ಬೇರೆ: ಕೆ ಟೈಪ್‌ನಲ್ಲಿ ಹಳದಿ ಪ್ಲಸ್, ಜೆ ಟೈಪ್‌ನಲ್ಲಿ ಬಿಳಿ.

ತಿರುಗಿಸಿ ಜೋಡಿಸಿದೆ, ತಾಪ ಏರಿತು. ಆದರೂ ಉಳಿದ ಸಿಲಿಂಡರ್‌ಗಳಿಗಿಂತ ಸುಮಾರು 30 ಡಿಗ್ರಿ ಕಡಿಮೆ. ತಂತಿ ಸಾಲದೆ ಕೌಲಿಂಗ್ (ಎಂಜಿನ್ ಹೊದಿಕೆ) ಒಳಗಿಂದ ಮಾನಿಟರ್‌ವರೆಗೆ ಮಾಮೂಲಿ ತಾಮ್ರದ ತಂತಿ ಎಳೆದಿದ್ದೆ. ತಾಮ್ರ ಸೇರಿಸಿದ್ದ ಬಿಸಿ ಜಾಯಿಂಟ್‌ಗೂ ತಣ್ಣಗಿದ್ದ ಮಾನಿಟರ್ ತುದಿಗೂ ಇದ್ದ ತಾಪದ ವ್ಯತ್ಯಾಸವೇ ಲೆಕ್ಕದಿಂದ ಜಾರಿಹೋಗಿತ್ತು.

ಪೂರ್ತಿ ಕೆ ಟೈಪ್ ತಂತಿಯನ್ನೇ ಹಾಕಿದೆ. ಸೆನ್ಸರ್ ಬಿಚ್ಚಿ, ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿದೆ. ಪರದೆಯಲ್ಲಿ 99 ಬಂತು.