ಕೇಳದೆ ಬಂದ ಬಂಗಾರದ ಮೀನಿಗೆ ನೀರು, ತೊಟ್ಟಿ ಮತ್ತು ಆರೈಕೆ

ಉತ್ತರ ಕನ್ನಡದ ಮನೆಗಳಿಗೆ ಬಂಗಾರದ ಮೀನು ಬಂದು ಸೇರುವ ದಾರಿಗಳು ಹಲವು. ಕೈಗಾದಿಂದಲೋ ಕಾರವಾರದ ನೌಕಾನೆಲೆಯಿಂದಲೋ ವರ್ಗವಾಗಿ ಹೊರಟ ಕುಟುಂಬವು ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಮೀನನ್ನು ತೊಟ್ಟಿಯ ಸಮೇತ ನೆರೆಮನೆಗೆ ಒಪ್ಪಿಸುತ್ತದೆ. ಗೃಹಪ್ರವೇಶಕ್ಕೆ ಬಂದವರು ಶುಭವೆಂದು ಗಾಜಿನ ಬುಡ್ಡಿಯಲ್ಲಿ ತಂದುಕೊಡುತ್ತಾರೆ. ಜಾತ್ರೆಗೋ ಪೇಟೆಗೋ ಹೋದ ಮಗು ಹಟ ಹಿಡಿದು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಎರಡು ಮೀನು ಹಿಡಿದುಕೊಂಡು ಮನೆಗೆ ಬರುತ್ತದೆ. ಹೀಗೆ ಬಂದ ಮೀನುಗಳಲ್ಲಿ ಎಷ್ಟೋ ಮೀನುಗಳು ಮೊದಲ ಕೆಲವು ವಾರಗಳನ್ನೇ ದಾಟುವುದಿಲ್ಲ. ಮನೆಯವರು ಅದನ್ನು ಮೀನಿನ ಅಲ್ಪಾಯುಷ್ಯವೆಂದು ತಿಳಿಯುತ್ತಾರೆ. ಆದರೆ ಸರಿಯಾಗಿ ನೋಡಿಕೊಂಡ ಬಂಗಾರದ ಮೀನು ಹತ್ತು ಹದಿನೈದು ವರ್ಷ ಬದುಕುತ್ತದೆ, ಇಪ್ಪತ್ತು ದಾಟಿದ್ದೂ ಉಂಟು. ಅದನ್ನು ಬೇಗ ಕೊಲ್ಲುವುದು ಹಸಿವಲ್ಲ, ಚಳಿಯೂ ಅಲ್ಲ; ಸಣ್ಣ ಪಾತ್ರೆಯ ನೀರಿನಲ್ಲಿ ಸೇರುತ್ತ ಹೋಗುವ ಅದರದೇ ವಿಸರ್ಜನೆ. ಆದ್ದರಿಂದ ಆಹಾರದ ಡಬ್ಬಿಗೆ ಮುಂಚೆ ನೀರಿನ ಕಡೆಗೆ ಗಮನ ಕೊಡಬೇಕು.

ಮೊದಲ ದಿನ ದೊಡ್ಡ ಅಕ್ವೇರಿಯಂ ಸಿಗದಿದ್ದರೂ ಚಿಂತೆಯಿಲ್ಲ. ಐವತ್ತು ಲೀಟರಿಗಿಂತ ಹೆಚ್ಚು ನೀರು ಹಿಡಿಯುವ, ಬಾಯಿ ಅಗಲವಾದ, ಸ್ವಚ್ಛವಾದ ಪ್ಲಾಸ್ಟಿಕ್ ಟಬ್ಬು ಯಾವ ಅಂದದ ಗಾಜಿನ ಬುಡ್ಡಿಗಿಂತಲೂ ಉತ್ತಮ. ಆದರೆ ಆ ಟಬ್ಬು ಹಿಂದೆ ಯಾವುದಕ್ಕೆ ಬಳಕೆಯಾಗಿತ್ತು ಎಂಬುದನ್ನು ವಿಚಾರಿಸದೆ ನೀರು ತುಂಬಬಾರದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಡ್ರಮ್ಮು, ಬಕೆಟ್ಟುಗಳು ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸಲು ಬಳಕೆಯಾಗಿರುತ್ತವೆ. ಅದರಲ್ಲಿರುವ ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್; ತಾಮ್ರವು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿನ ಕಿವಿರುಗಳನ್ನು ಹಾಳುಮಾಡುತ್ತದೆ, ಮತ್ತು ನಮ್ಮ ಮಲೆನಾಡಿನಂಥ ಮೆದು ನೀರಿನಲ್ಲಿ ಅದರ ವಿಷ ಗಡಸು ನೀರಿಗಿಂತ ತೀವ್ರವಾಗಿರುತ್ತದೆ. ಎಷ್ಟು ತೊಳೆದರೂ ಆ ಡ್ರಮ್ಮನ್ನು ಮೀನಿಗೆ ಬಳಸಬೇಡಿ. ಬಚ್ಚಲುಮನೆಯ ತಾಮ್ರದ ಹಂಡೆಗೂ, ಅದರಲ್ಲಿ ನಿಂತ ನೀರಿಗೂ ಇದೇ ಮಾತು ಅನ್ವಯಿಸುತ್ತದೆ. ಸೋಪಿನ ಪುಡಿ ನೆನೆಸಿದ ಬಕೆಟ್ಟನ್ನೂ ದೂರವಿಡಿ.

ನೀರು ಎಲ್ಲಿಯದು ಎಂಬುದು ಅಷ್ಟೇ ಮುಖ್ಯ. ಪಟ್ಟಣದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಅದು ಬಹುಮಟ್ಟಿಗೆ ಹಾರಿಹೋಗುತ್ತದೆ, ಅವಸರವಿದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ದ್ರಾವಣದ ಹನಿಗಳನ್ನು ಬಾಟಲಿಯ ಮೇಲೆ ಬರೆದ ಅಳತೆಯಲ್ಲಿ ಹಾಕಬೇಕು. ಬಾವಿಯ ನೀರು ಸಾಮಾನ್ಯವಾಗಿ ನಿರಪಾಯಕಾರಿ, ಆದರೆ ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನಗಳಲ್ಲಿ ಅದನ್ನೂ ನಲ್ಲಿ ನೀರಿನಂತೆಯೇ ನೋಡಬೇಕಾಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಒಂದು ರಾತ್ರಿ ಗಾಳಿಯಾಡಿಸಿ ಬಳಸುವುದು ಒಳ್ಳೆಯದು. ಅಳಿವೆಗಳ ಪಕ್ಕದ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ. ಬಾಯಿಗೆ ಉಪ್ಪೆನಿಸುವ ನೀರನ್ನು ಈ ಸಿಹಿನೀರಿನ ಮೀನಿಗೆ ಕೊಡಬಾರದು.

ಮೀನು ಕೊಟ್ಟೆಯಲ್ಲಿ ಬಂದಿದ್ದರೆ ಅದನ್ನು ಬಿಚ್ಚದೆ ಟಬ್ಬಿನ ನೀರಿನ ಮೇಲೆ ಹದಿನೈದು ಇಪ್ಪತ್ತು ನಿಮಿಷ ತೇಲಬಿಡಿ. ಎರಡೂ ನೀರಿನ ಬಿಸಿ ಒಂದಾದ ಮೇಲೆ ಬಿಚ್ಚಿ, ಮೀನನ್ನು ಮಾತ್ರ ಎತ್ತಿ ಟಬ್ಬಿಗೆ ಬಿಟ್ಟು, ಕೊಟ್ಟೆಯ ನೀರನ್ನು ಚೆಲ್ಲಬೇಕು. ದಾರಿಯುದ್ದಕ್ಕೂ ಮೀನು ವಿಸರ್ಜಿಸಿದ್ದೆಲ್ಲ ಆ ನೀರಿನಲ್ಲಿರುತ್ತದೆ. ಮೊದಲ ದಿನ ಆಹಾರ ಬೇಡ, ದೀಪ ಬೇಡ, ಮಕ್ಕಳು ಗಾಜು ತಟ್ಟುವುದೂ ಬೇಡ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷಯ. ಮೀನು ತನ್ನ ಕಿವಿರುಗಳ ಮೂಲಕ ಹಗಲೂ ರಾತ್ರಿ ಅಮೋನಿಯಾವನ್ನು ಹೊರಬಿಡುತ್ತಿರುತ್ತದೆ. ನೀರು ಕನ್ನಡಿಯಂತೆ ತಿಳಿಯಾಗಿ ಕಂಡರೂ ಅದರಲ್ಲಿ ಮೀನನ್ನು ಸುಡುವಷ್ಟು ಅಮೋನಿಯಾ ಇರಬಹುದು. ಹಳೆಯದಾದ, ಸರಿಯಾಗಿ ನಡೆಯುತ್ತಿರುವ ತೊಟ್ಟಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುತ್ತಿರುವುದಕ್ಕಿಂತ ಹೆಚ್ಚಾಗಿ ಫಿಲ್ಟರಿನ ಸ್ಪಂಜು, ಕಲ್ಲು, ಗಾಜಿನ ಮೈಗೆ ಅಂಟಿಕೊಂಡು ಬೆಳೆಯುತ್ತವೆ, ಮತ್ತು ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಬೆಳೆಯಲು ಸುಮಾರು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ತೊಟ್ಟಿಯನ್ನು ಮುಂಚೆಯೇ ಸಿದ್ಧಪಡಿಸಿ ಮೀನು ತಂದವರಿಗೆ ಈ ಕಾಯುವಿಕೆ ಸುಲಭ. ಮೀನು ಮೊದಲು ಬಂದು ತೊಟ್ಟಿ ಆಮೇಲೆ ಬಂದ ಮನೆಯಲ್ಲಿ ಆ ವಾರಗಳನ್ನು ನೀರು ಬದಲಾಯಿಸುವುದರಿಂದಲೇ ದಾಟಬೇಕು. ಪ್ರತಿದಿನ ನಾಲ್ಕರಲ್ಲಿ ಒಂದು ಭಾಗದಷ್ಟು, ಪಾತ್ರೆ ಚಿಕ್ಕದಿದ್ದರೆ ಅರ್ಧದಷ್ಟು ನೀರನ್ನು ತೆಗೆದು, ಅದೇ ಹದದ ಬಿಸಿಯುಳ್ಳ ಕ್ಲೋರಿನ್ ಇಲ್ಲದ ನೀರನ್ನು ತುಂಬಬೇಕು. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ ಸಿಕ್ಕರೆ ಕೊಳ್ಳಿ, ಬೇರೆ ಯಾವ ಅಲಂಕಾರಕ್ಕೆ ಕೊಡುವ ಹಣಕ್ಕಿಂತಲೂ ಅದು ಸಾರ್ಥಕ. ಅಮೋನಿಯಾ ಅಥವಾ ನೈಟ್ರೈಟ್ ಲೀಟರಿಗೆ 0.25 ಮಿಲಿಗ್ರಾಂ ಮುಟ್ಟಿದರೆ ಅಂದೇ ನೀರು ಬದಲಾಯಿಸಬೇಕು. ಎರಡೂ ಸೊನ್ನೆಗಿಳಿದು ನೈಟ್ರೇಟ್ ಮಾತ್ರ ಕಾಣತೊಡಗಿದಾಗ ತೊಟ್ಟಿ ನೆಲೆಗೊಂಡಿತು ಎಂದರ್ಥ. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಮೂರರಲ್ಲಿ ಒಂದರಿಂದ ಅರ್ಧದವರೆಗೆ ನೀರು ಬದಲಾಯಿಸಿದರೆ ಸಾಕು. ತೆಗೆದ ನೀರನ್ನು ಹೂವಿನ ಗಿಡಗಳಿಗೆ ಹಾಕಿ, ಅವು ಚೆನ್ನಾಗಿ ಬರುತ್ತವೆ.

ಚಿರೇಕಲ್ಲಿನ ನೆಲದ ನಮ್ಮ ಬಾವಿ ನೀರಿಗೆ ಇಲ್ಲಿ ಇನ್ನೊಂದು ಗುಣವಿದೆ. ಅದು ಮೆದುವಾಗಿದ್ದು ತುಸು ಆಮ್ಲೀಯವಾಗಿರುತ್ತದೆ, ಸುಣ್ಣದ ಅಂಶ ಕಡಿಮೆ. ಬ್ಯಾಕ್ಟೀರಿಯಾಗಳ ಕೆಲಸದಿಂದ ನೀರಿನ ಆಮ್ಲೀಯತೆ ಮೆಲ್ಲನೆ ಹೆಚ್ಚುತ್ತ ಹೋಗುವಾಗ ಅದನ್ನು ತಡೆಯುವ ಸುಣ್ಣವಿಲ್ಲದ್ದರಿಂದ ಪಿಎಚ್ (ನೀರು ಹುಳಿಯಾದಷ್ಟೂ ಇಳಿಯುವ ಅಳತೆ) ಒಮ್ಮೆಲೇ ಕುಸಿಯಬಹುದು, ಆಗ ಬ್ಯಾಕ್ಟೀರಿಯಾಗಳೂ ಸೋಲುತ್ತವೆ. ಇದಕ್ಕೆ ಪರಿಹಾರ ನಮ್ಮ ಕಡಲತೀರದಲ್ಲೇ ಬಿದ್ದಿದೆ. ಒಂದು ಹಿಡಿ ಕಪ್ಪೆಚಿಪ್ಪುಗಳನ್ನು ಚೆನ್ನಾಗಿ ತೊಳೆದು, ಕುದಿಸಿ, ಒಡೆದು, ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ಬಳಿ ಇಟ್ಟರೆ ನೀರು ಹುಳಿಯಾದಂತೆಲ್ಲ ಅವು ತಾವಾಗಿ ಕರಗಿ ಸುಣ್ಣವನ್ನು ಒದಗಿಸುತ್ತವೆ. ಆದರೆ ಕಡಲ ಮರಳನ್ನು ತಂದು ತೊಟ್ಟಿಯ ತಳಕ್ಕೆ ಹಾಸುವುದು ಬೇಡ.

ಕಾಯಂ ತೊಟ್ಟಿಯ ಅಳತೆಯ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದು. ಮೀನು ಪಾತ್ರೆಗೆ ತಕ್ಕಷ್ಟೇ ಬೆಳೆಯುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಸಣ್ಣ ಪಾತ್ರೆಯಲ್ಲಿ ಅದು ಕುಂಠಿತವಾಗುವುದು ನಿಜ, ಅದು ಕೊಳಕು ನೀರಿನ ಪರಿಣಾಮವೇ ಹೊರತು ಹೊಂದಾಣಿಕೆಯಲ್ಲ. ದುಂಡು ಮೈಯ, ಜೋಡಿ ಬಾಲದ ಒರಾಂಡಾ, ಬ್ಲ್ಯಾಕ್ ಮೂರ್ ಮುಂತಾದವು 15ರಿಂದ 20 ಸೆಂಟಿಮೀಟರ್ ಬೆಳೆಯುತ್ತವೆ. ನೀಳ ಮೈಯ, ಒಂಟಿ ಬಾಲದ ಸಾಮಾನ್ಯ ಬಂಗಾರದ ಮೀನು ಮತ್ತು ಕಾಮೆಟ್ 30 ಸೆಂಟಿಮೀಟರ್ ತಲುಪಬಲ್ಲವು. ದುಂಡು ಮೀನು ಒಂದಕ್ಕೆ 75 ಲೀಟರ್, ಅದರ ಮೇಲೆ ಪ್ರತಿ ಮೀನಿಗೆ 40 ಲೀಟರ್ ಎಂಬ ಲೆಕ್ಕ ಇಟ್ಟುಕೊಳ್ಳಿ. ಅಂಗಡಿಯವರು ಸಾಮಾನ್ಯವಾಗಿ ತೋರಿಸುವ 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿ ಹಿಡಿಯುವುದು 54 ಲೀಟರ್ ಮಾತ್ರ. 90 ಉದ್ದ, 45 ಅಗಲ, 45 ಎತ್ತರದ್ದು ಸುಮಾರು 182 ಲೀಟರ್ ಹಿಡಿಯುತ್ತದೆ, ಅದರಲ್ಲಿ ಎರಡು ಮೂರು ದುಂಡು ಮೀನುಗಳು ನೆಮ್ಮದಿಯಿಂದಿರುತ್ತವೆ. ನೀರೊಂದೇ 180 ಕಿಲೋ ತೂಗುತ್ತದೆ ಎಂಬುದನ್ನು ಮರೆಯದೆ ಅದನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ, ಬಿಸಿಲು ನೇರವಾಗಿ ಬೀಳದ ಕಡೆ ಇಡಬೇಕು. ತಳಕ್ಕೆ ಕಲ್ಲು ಹಾಕದಿದ್ದರೂ ನಡೆಯುತ್ತದೆ. ಹಾಕುವುದಾದರೆ ಮೀನಿನ ಬಾಯಿಯಲ್ಲಿ ಸಿಕ್ಕಿಕೊಳ್ಳದಷ್ಟು ದೊಡ್ಡ, ನುಣುಪಾದ ಹೊಳೆಗಲ್ಲುಗಳೇ ಇರಲಿ.

ಒಂಟಿ ಬಾಲದ ಮೀನುಗಳಿಗೆ ಅಂಗಳದ ಸಿಮೆಂಟ್ ತೊಟ್ಟಿಯೇ ಹೆಚ್ಚು ಒಗ್ಗುತ್ತದೆ. ಹೊಸ ಸಿಮೆಂಟು ಸುಣ್ಣ ಬಿಡುವುದರಿಂದ ಕೆಲವು ವಾರಗಳ ಕಾಲ ಹಲವು ಸಲ ನೀರು ತುಂಬಿ ಚೆಲ್ಲಿದ ಮೇಲೆಯೇ ಮೀನು ಬಿಡಬೇಕು. ಮಿಂಚುಳ್ಳಿ, ಕೊಕ್ಕರೆ, ಬೆಕ್ಕು, ಒಳ್ಳೆಹಾವು ಇವುಗಳಿಂದ ಕಾಪಾಡಲು ಮೀನುಗಾರರ ಹಳೆಯ ಬಲೆಯನ್ನು ಬಿಗಿಯಾಗಿ ಹೊದಿಸಿದರೆ ಸಾಕಾಗುತ್ತದೆ. ತೋಟಕ್ಕೆ ಮದ್ದು ಹೊಡೆಯುವ ದಿನ ತೊಟ್ಟಿಯನ್ನು ಮುಚ್ಚುವುದು ಕಡ್ಡಾಯ. ಜೂನಿನ ಮಳೆ ಹಿಡಿದಾಗ ತೊಟ್ಟಿ ತುಂಬಿ ಹರಿಯದಂತೆ, ಹೆಚ್ಚಿನ ನೀರು ಜಾಲರಿಯ ಮೂಲಕವೇ ಹೋಗುವಂತೆ ಮಾಡಿ.

ಫಿಲ್ಟರ್ ಇಲ್ಲದೆ ಬಂಗಾರದ ಮೀನು ಸಾಕುವುದು ಕಷ್ಟ. ಏರ್ ಪಂಪಿನಿಂದ ನಡೆಯುವ ದೊಡ್ಡ ಸ್ಪಂಜು ಫಿಲ್ಟರ್ ಅಗ್ಗವಾದದ್ದು, ನೀರಿಗೆ ಗಾಳಿಯನ್ನೂ ಕೊಡುತ್ತದೆ. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ಮರಳಿ ಇಡಬೇಕು. ಕ್ಲೋರಿನ್ ತಗುಲಿದರೆ ವಾರಗಟ್ಟಲೆ ಬೆಳೆದ ಬ್ಯಾಕ್ಟೀರಿಯಾ ಒಂದೇ ದಿನದಲ್ಲಿ ಸಾಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು ಒಂದೆರಡು ದಿನ ಕರೆಂಟಿಲ್ಲದಿರುವುದು ಘಟ್ಟದ ಮೇಲಿನ ಹಳ್ಳಿಗಳಲ್ಲಿ ಹೊಸತಲ್ಲವಾದ್ದರಿಂದ ಬ್ಯಾಟರಿಯ ಏರ್ ಪಂಪನ್ನು ಮೊದಲೇ ತಂದಿಟ್ಟುಕೊಳ್ಳಿ. ಅದೂ ಇಲ್ಲದಾಗ ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಎತ್ತರದಿಂದ ಸುರಿಯುತ್ತಿರಬೇಕು, ಮತ್ತು ಕರೆಂಟು ಬರುವವರೆಗೆ ಆಹಾರ ಹಾಕಬಾರದು. ಡಬ್ಬಿಯಂತೆ ಮುಚ್ಚಿದ ಫಿಲ್ಟರ್ ಹಲವು ಗಂಟೆ ನಿಂತಿದ್ದರೆ ಅದರೊಳಗಿನ ಕೊಳೆತ ನೀರನ್ನು ಚೆಲ್ಲಿಯೇ ಮತ್ತೆ ಚಾಲೂ ಮಾಡಿ.

ಬಂಗಾರದ ಮೀನು ತಂಪು ನೀರಿನದು. 18ರಿಂದ 24 ಡಿಗ್ರಿ ಅದಕ್ಕೆ ಹಿತ. ಶಿರಸಿಯ ಹವೆ ಅದಕ್ಕೆ ಒಪ್ಪುತ್ತದೆ, ಹೀಟರಿನ ಅಗತ್ಯವಿಲ್ಲ. ಕಾರವಾರ, ಅಂಕೋಲಾ, ಕುಮಟಾದ ಏಪ್ರಿಲ್ ಮೇ ತಿಂಗಳುಗಳೇ ಪರೀಕ್ಷೆಯ ಕಾಲ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿಯದು ಸುಮಾರು ಏಳೂವರೆ ಮಾತ್ರ. ಮೀನಿನ ಬೇಡಿಕೆಯಾದರೋ ಬಿಸಿ ಏರಿದಂತೆ ಹೆಚ್ಚುತ್ತದೆ. ಆ ದಿನಗಳಲ್ಲಿ ಏರ್ ಪಂಪನ್ನು ನಿಲ್ಲಿಸದೆ, ಗಾಜಿನ ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲ್ಮೈಗೆ ಫ್ಯಾನಿನ ಗಾಳಿ ತಾಗುವಂತೆ ಮಾಡಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ. ಫ್ರಿಜ್ಜಿನ ನೀರನ್ನು ಒಮ್ಮೆಲೇ ಸುರಿಯುವುದು ಅಪಾಯ.

ಆಹಾರ ದಿನಕ್ಕೆ ಒಂದೆರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸಾಕು. ಈ ಮೀನಿಗೆ ಜಠರವಿಲ್ಲ, ತಿಂದದ್ದು ನೇರವಾಗಿ ಕರುಳಿಗೆ ಹೋಗುವುದರಿಂದ ಅದು ಯಾವಾಗಲೂ ಹಸಿದಂತೆಯೇ ಗಾಜಿನ ಬಳಿ ಬರುತ್ತದೆ. ಅದನ್ನು ನೋಡಿ ಮರುಗಿ ಮತ್ತೆ ಮತ್ತೆ ಹಾಕಬಾರದು. ಮುಳುಗುವ ಕಾಳುಗಳು ಒಳ್ಳೆಯವು. ವಾರಕ್ಕೊಮ್ಮೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ ಕೊಡಿ, ಒಂದು ದಿನ ಉಪವಾಸವಿಡಿ. ಶೃಂಗೇರಿಯ ತುಂಗೆಯಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಿದ ಅಭ್ಯಾಸದಿಂದ ಮನೆಯ ತೊಟ್ಟಿಗೂ ಅದನ್ನೇ ಹಾಕುವವರಿದ್ದಾರೆ; ಹರಿಯುವ ಹೊಳೆಯಲ್ಲಿ ಉಳಿದದ್ದು ಸಾಗಿಹೋಗುತ್ತದೆ, ತೊಟ್ಟಿಯಲ್ಲಿ ಅದು ಅಲ್ಲಿಯೇ ಕೊಳೆಯುತ್ತದೆ.

ವರ್ಗವಾದವರ ತೊಟ್ಟಿಯೇ ನಿಮ್ಮ ಮನೆಗೆ ಬಂದಿದ್ದರೆ ಅದನ್ನು ಉಜ್ಜಿ ಹೊಳೆಯಿಸುವ ಆಸೆಯನ್ನು ತಡೆದುಕೊಳ್ಳಿ. ಫಿಲ್ಟರಿನ ಸ್ಪಂಜನ್ನು ಹಳೆಯ ನೀರಿನಲ್ಲಿ ಮುಳುಗಿಸಿಯೇ ತರಬೇಕು, ಮೂರರಲ್ಲಿ ಒಂದು ಭಾಗವಾದರೂ ಹಳೆಯ ನೀರು ಜೊತೆಗೆ ಬರಲಿ. ಬಹುಕಾಲ ನೀರು ಬದಲಾಯಿಸದ ತೊಟ್ಟಿಯಾಗಿದ್ದರೆ ಮೀನು ಆ ಕೆಟ್ಟ ನೀರಿಗೇ ಒಗ್ಗಿಕೊಂಡಿರುತ್ತದೆ. ಆಗ ದಿನಕ್ಕೆ ಹತ್ತರಲ್ಲಿ ಒಂದು ಭಾಗದಂತೆ ನಿಧಾನವಾಗಿ ಸುಧಾರಿಸಬೇಕು.

ಮೀನು ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ, ರೆಕ್ಕೆ ಮುದುರಿ ತಳದಲ್ಲಿ ಕೂತರೆ, ಬಾಲದಲ್ಲಿ ಕೆಂಪು ಗೆರೆ ಕಂಡರೆ ಔಷಧಿಗೆ ಓಡುವ ಮೊದಲು ನೀರು ಪರೀಕ್ಷಿಸಿ, ಅರ್ಧ ನೀರು ಬದಲಾಯಿಸಿ. ನೈಟ್ರೈಟ್ ಹೆಚ್ಚಿದ್ದಾಗ ಲೀಟರಿಗೆ ಒಂದು ಗ್ರಾಮಿನಂತೆ ಉಪ್ಪು ಕರಗಿಸಿ ಹಾಕುವುದು ನಿಜವಾಗಿ ಉಪಕಾರಿ, ಏಕೆಂದರೆ ಉಪ್ಪಿನ ಕ್ಲೋರೈಡ್ ಕಿವಿರುಗಳಲ್ಲಿ ನೈಟ್ರೈಟ್ ಒಳಹೋಗದಂತೆ ತಡೆಯುತ್ತದೆ. ಏನೂ ಬೆರೆಸದ ಸಾಣಿಕಟ್ಟಾದ ಕಲ್ಲುಪ್ಪು ಇದಕ್ಕೆ ಚೆನ್ನಾಗಿ ಒದಗುತ್ತದೆ. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳೆದ್ದರೆ ಅದು ಪರಾವಲಂಬಿ ರೋಗ. ಅದಕ್ಕೆ ಅಂಗಡಿಯ ಔಷಧಿಯನ್ನು ಪೂರ್ತಿ ಅವಧಿಗೆ ಕೊಡಬೇಕಾಗುತ್ತದೆ.

ಸಾಕಲು ಆಗದಿದ್ದರೆ ದೊಡ್ಡ ತೊಟ್ಟಿ ಇರುವವರಿಗೆ, ಇಲ್ಲವೇ ಮರಳಿ ಪಡೆಯಲು ಒಪ್ಪುವ ಅಂಗಡಿಗೆ ಕೊಡಿ. ಶಿರಸಿಯ ದೇವಿಕೆರೆಗೋ ಗೋಕರ್ಣದ ಕೋಟಿತೀರ್ಥಕ್ಕೋ ಹೊಳೆಗೋ ಬಿಟ್ಟುಬಂದರೆ ಪುಣ್ಯವೆಂದು ಯಾರೇ ಹೇಳಿದರೂ ದಯವಿಟ್ಟು ಬಿಡಬೇಡಿ. ಚೀನಾದಲ್ಲಿ ಸಾವಿರ ವರ್ಷಗಳ ಹಿಂದಿನಿಂದ ಸಾಕಿ ರೂಪಿಸಿದ ಈ ಮೀನು ನಮ್ಮ ನೀರಿಗೆ ಹೊರಗಿನದು. ಅದು ಕೆಸರು ಕೆದಕಿ ನೀರು ಕದಡುತ್ತದೆ, ಜಲಸಸ್ಯಗಳನ್ನು ಕೀಳುತ್ತದೆ, ಬೇರೆ ಮೀನುಗಳ ಮೊಟ್ಟೆ ತಿನ್ನುತ್ತದೆ, ತೊಟ್ಟಿಯ ರೋಗಗಳನ್ನೂ ಜೊತೆಗೆ ಒಯ್ಯುತ್ತದೆ. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯಲ್ಲಿ, ಘಟ್ಟದ ಹಳ್ಳಗಳಲ್ಲಿ ಬೇರೆಲ್ಲೂ ಸಿಗದ ಮೀನುಗಳು ಇನ್ನೂ ಉಳಿದಿವೆ. ಅವುಗಳಿಗೆ ಈ ಅಪಾಯ ಬೇಡ.

ಊರಿಗೆ ಹೋಗಬೇಕಾದಾಗ ಗಾಬರಿಯಾಗಬೇಕಿಲ್ಲ. ಬೆಳೆದ, ಆರೋಗ್ಯವಾದ ಮೀನು ನೆಲೆಗೊಂಡ ತೊಟ್ಟಿಯಲ್ಲಿ ಒಂದು ವಾರ ಆಹಾರವಿಲ್ಲದೆಯೂ ಇರಬಲ್ಲದು. ಹೊರಡುವ ಹಿಂದಿನ ದಿನ ನೀರು ಬದಲಾಯಿಸಿ, ಏರ್ ಪಂಪ್ ನಡೆಯುತ್ತಿದೆಯೇ ಎಂದು ಮಾತ್ರ ದಿನಕ್ಕೊಮ್ಮೆ ನೋಡುವಂತೆ ಪಕ್ಕದ ಮನೆಯವರಿಗೆ ಹೇಳಿ. ಅದಕ್ಕಿಂತ ಹೆಚ್ಚು ದಿನವಾಗುವುದಾದರೆ ಒಂದೊಂದು ಹೊತ್ತಿನ ಆಹಾರವನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ಕೊಟ್ಟು, ಡಬ್ಬಿಯನ್ನು ಕಪಾಟಿನೊಳಗೆ ಇಟ್ಟು ಹೋಗಿ.